ಅರವತ್ಮೂರರ ಲೆಕ್ಕ, ನಲವತ್ತೊಂಬತ್ತರ ಮೈ

ಪ್ರಶ್ನೆ: ನಾನು ಮುಧೋಳ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಶಿಕ್ಷಕಿ. ವಯಸ್ಸು 49. ಮುಟ್ಟು ನಿಂತು 14 ತಿಂಗಳಾಯಿತು. ಬೋರ್ಡಿನ ಮೇಲೆ ಬರೆಯುತ್ತಿರುವಾಗಲೇ ಎದೆಯಿಂದ ಝಳ ಎದ್ದು ಮುಖಕ್ಕೆ ಏರುತ್ತದೆ, ಕುಪ್ಪಸ ತೊಯ್ದು ಹೋಗುತ್ತದೆ. ರಾತ್ರಿ ನಾಲ್ಕೈದು ಸಲ ಎಚ್ಚರವಾಗಿ ಫ್ಯಾನಿನ ಕೆಳಗೆ ಕೂತಿರುತ್ತೇನೆ. ಡಾಕ್ಟರು ತೋಳಿಗೆ ಹಚ್ಚಿಕೊಳ್ಳುವ ಈಸ್ಟ್ರೋಜನ್ ಜೆಲ್ ಮತ್ತು ರಾತ್ರಿ ನುಂಗುವ ಪ್ರೊಜೆಸ್ಟರಾನ್ ಕ್ಯಾಪ್ಸೂಲ್ ಬರೆದುಕೊಟ್ಟರು. ತಂದು ತಿಜೋರಿಯಲ್ಲಿಟ್ಟು ಎರಡು ತಿಂಗಳಾಯಿತು, ಡಬ್ಬಿ ಒಡೆದಿಲ್ಲ. ಹುಬ್ಬಳ್ಳಿಯಲ್ಲಿ ಓದುವ ಮಗ, ಇದರಿಂದ ಸ್ತನ ಕ್ಯಾನ್ಸರ್ ಬರುತ್ತದೆ, ಅಮೆರಿಕದಲ್ಲಿ ದೊಡ್ಡ ಅಧ್ಯಯನವನ್ನೇ ನಡುವೆ ನಿಲ್ಲಿಸಿದರು ಎನ್ನುತ್ತಾನೆ. ನಮ್ಮ ಶಾಲೆಯ ವಿಜ್ಞಾನ ಶಿಕ್ಷಕಿ, ಅದೇ ಅಮೆರಿಕದವರು ಈಗ ಎಚ್ಚರಿಕೆಯನ್ನು ತೆಗೆದುಹಾಕಿದ್ದಾರೆ ಎನ್ನುತ್ತಾರೆ. ನನ್ನ ಸೋದರತ್ತೆಗೆ 68ರಲ್ಲಿ ಸ್ತನ ಕ್ಯಾನ್ಸರ್ ಆಗಿತ್ತು. ತಾಯಿ 71ರಲ್ಲಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡು ಮತ್ತೆ ಎದ್ದು ಓಡಾಡಲಿಲ್ಲ. ಜಮಖಂಡಿ ಕಡೆ ಕೊಟ್ಟಿರುವ ತಂಗಿಗೆ ಈಗ 42; 36ಕ್ಕೇ ಗರ್ಭಚೀಲ ತೆಗೆಸಿದ್ದಾರೆ. ಆಕೆಗೂ ಇದೇ ತ್ರಾಸು. ಕೇಳಲು ಹೋದರೆ ‘ಹಾರ್ಮೋನ್ ಬ್ಯಾಡ, ಕ್ಯಾನ್ಸರ್ ಆಗತೈತಿ’ ಎಂದು ಕಳಿಸಿದರಂತೆ. ನಾವು ಯಾರ ಮಾತು ನಂಬಬೇಕು?

ಉತ್ತರ: ಅಕ್ಕೋರೇ, ಉತ್ತರ ಮೊದಲು ಹೇಳಿಬಿಡುತ್ತೇನೆ, ಕಾರಣ ಆಮೇಲೆ. ರಕ್ತದೊತ್ತಡ ಮತ್ತು ಮ್ಯಾಮೋಗ್ರಾಂ (ಸ್ತನದ ಎಕ್ಸ್‌ರೇ) ಸರಿಯಿದ್ದರೆ, ನಿಮ್ಮ ಡಾಕ್ಟರು ಕೊಟ್ಟ ಔಷಧ ನಿಮಗೆ ತಕ್ಕದ್ದೇ. ನಿಮ್ಮ ತಂಗಿಗೆ ಅದು ನಿಮಗಿಂತ ಹೆಚ್ಚು ಬೇಕಾಗಿರಬಹುದು. ನಿಮ್ಮ ಪತ್ರದಲ್ಲಿ ನನಗೆ ಚಿಂತೆ ಹಚ್ಚಿದ್ದು ಆಕೆಯ ಬಗ್ಗೆ ನೀವು ಬರೆದ ಎರಡು ಸಾಲು.

ಮಗ ಓದಿದ್ದು ಸುಳ್ಳಲ್ಲ, ವಿಜ್ಞಾನ ಶಿಕ್ಷಕಿ ಹೇಳಿದ್ದೂ ಸುಳ್ಳಲ್ಲ. ಇಬ್ಬರ ಮಾತೂ ಒಂದೇ ಅಧ್ಯಯನದಿಂದ ಹೊರಟದ್ದು. ನಡುವೆ 23 ವರ್ಷಗಳ ಕಥೆಯಿದೆ, ಅದನ್ನು ತಿಳಿಯದೆ ಎರಡನ್ನೂ ಕಿವಿಯಲ್ಲಿ ಇಟ್ಟುಕೊಂಡರೆ ಡಬ್ಬಿ ತಿಜೋರಿಯಲ್ಲೇ ಉಳಿಯುತ್ತದೆ.

ಆ ಅಧ್ಯಯನದ ಹೆಸರು ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್. ನಾವು ಡಾಕ್ಟರುಗಳು ಡಬ್ಲ್ಯುಎಚ್‌ಐ ಎನ್ನುತ್ತೇವೆ. ಅಮೆರಿಕ ಸರ್ಕಾರದ ಹಣದಲ್ಲಿ ನಡೆದದ್ದು. ಗರ್ಭಕೋಶ ಇದ್ದ 16,608 ಹೆಣ್ಣುಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿದರು. ಒಂದು ಪಾಲಿಗೆ ದಿನಾ ಈಸ್ಟ್ರೋಜನ್ (ಅಂಡಾಶಯ ಮಾಡುವ ಹಾರ್ಮೋನು, ಮುಟ್ಟು ನಿಂತಾಗ ಇಳಿಯುವುದು ಇದೇ) ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನಿನಂತೆ ಕೆಲಸ ಮಾಡುವ ಕೃತಕ ಹಾರ್ಮೋನು) ಎರಡೂ ಇರುವ ಗುಳಿಗೆ, ಇನ್ನೊಂದು ಪಾಲಿಗೆ ನೋಡಲು ಅದರಂತೆಯೇ ಇದ್ದು ಒಳಗೆ ಔಷಧವಿಲ್ಲದ ಗುಳಿಗೆ. ಎಂಟೂವರೆ ವರ್ಷ ನಡೆಯಬೇಕಿದ್ದದ್ದನ್ನು ಸರಾಸರಿ 5.2 ವರ್ಷಕ್ಕೆ, 2002ರ ಜುಲೈನಲ್ಲಿ ನಿಲ್ಲಿಸಿದರು. ಔಷಧ ನುಂಗಿದವರಲ್ಲಿ ಸ್ತನ ಕ್ಯಾನ್ಸರ್ ಶೇ 26, ಹೃದಯದ ತೊಂದರೆ ಶೇ 29, ಪಾರ್ಶ್ವವಾಯು ಶೇ 41 ಹೆಚ್ಚು ಎಂದು ಪ್ರಕಟವಾಯಿತು. ಮೊದಲು ಪತ್ರಿಕಾಗೋಷ್ಠಿ ನಡೆಯಿತು. ಹೆಚ್ಚಿನ ಡಾಕ್ಟರುಗಳು ಪೂರ್ತಿ ಪ್ರಬಂಧ ಓದುವುದರೊಳಗೆ ಟಿವಿಯಲ್ಲಿ ಸುದ್ದಿ ಬಂದು, ಅವರ ರೋಗಿಗಳು ಫೋನ್ ಮಾಡತೊಡಗಿದ್ದರು.

ಆ ಶೇ 26 ಎಂಬುದನ್ನು ಬಿಡಿಸಿ ನೋಡೋಣ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ, ಬನದ ಹುಣ್ಣಿಮೆಯ ದಿನ, ತೇರಿನ ಮುಂದೆ ಹತ್ತು ಸಾವಿರ ಹೆಣ್ಣುಮಕ್ಕಳು ನಿಂತಿದ್ದಾರೆ ಎಂದುಕೊಳ್ಳಿ. ಡಬ್ಲ್ಯುಎಚ್‌ಐ ಲೆಕ್ಕದಂತೆ, ಅವರಲ್ಲಿ ಯಾರೂ ಗುಳಿಗೆ ನುಂಗದಿದ್ದರೆ ಒಂದು ವರ್ಷದಲ್ಲಿ 30 ಜನರಿಗೆ ಸ್ತನ ಕ್ಯಾನ್ಸರ್ ಕಾಣಿಸಿಕೊಳ್ಳುತ್ತದೆ. ಎಲ್ಲರೂ ನುಂಗಿದರೆ 38 ಜನರಿಗೆ. ಮೂವತ್ತಕ್ಕೆ ಎಂಟು ಸೇರಿದರೆ ಶೇ 26ರ ಆಸುಪಾಸು ಆಗುವುದು ನಿಜ. ಆದರೆ ಹತ್ತು ಸಾವಿರದಲ್ಲಿ ಎಂಟು ಎಂದು ಹೇಳಿದ್ದರೆ ನಿಮ್ಮ ಮಗ ಅಷ್ಟು ಹೆದರುತ್ತಿದ್ದನೇ? ಹೃದಯದ ತೊಂದರೆ ಏಳು ಜನರಿಗೆ ಹೆಚ್ಚು, ಪಾರ್ಶ್ವವಾಯು ಎಂಟು, ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಎಂಟು. ಅದೇ ಹತ್ತು ಸಾವಿರದಲ್ಲಿ ಸೊಂಟದ ಮೂಳೆ ಮುರಿಯುವುದು ಐದು ಕಡಿಮೆ, ದೊಡ್ಡ ಕರುಳಿನ ಕ್ಯಾನ್ಸರ್ ಆರು ಕಡಿಮೆ. ಈ ಕಡಿಮೆಯಾದ ಅಂಕಿಗಳು ಸುದ್ದಿಯಲ್ಲಿ ಹಿಂದೆ ಬಿದ್ದವು. ಎಂಟು ಜನ ಲೆಕ್ಕಕ್ಕಿಲ್ಲ ಎಂದು ನಾನು ಹೇಳುತ್ತಿಲ್ಲ. ಆ ಎಂಟರಲ್ಲಿ ನಾವೇ ಒಬ್ಬರಾದರೆ ನಮಗೆ ಅದು ನೂರಕ್ಕೆ ನೂರು. ಆದರೆ ನಿರ್ಧಾರ ಮಾಡುವವರಿಗೆ ಎರಡೂ ತಟ್ಟೆ ಕಾಣಬೇಕು.

ಇನ್ನು ನಿಜವಾದ ವಿಷಯಕ್ಕೆ ಬರುತ್ತೇನೆ. ಆ ಅಧ್ಯಯನಕ್ಕೆ ಸೇರಿದವರ ವಯಸ್ಸು 50ರಿಂದ 79, ಸರಾಸರಿ 63. ನಿಮ್ಮ ವಯಸ್ಸಿಗೆ ಹತ್ತಿರದವರು, 50ರಿಂದ 59ರೊಳಗಿನವರು, ಮೂರರಲ್ಲಿ ಒಂದು ಪಾಲು ಮಾತ್ರ. ಅಮೆರಿಕದ ಹೆಣ್ಣುಮಕ್ಕಳಿಗೆ ಮುಟ್ಟು ನಿಲ್ಲುವುದು 51ರ ಸುಮಾರಿಗೆ. ಅಂದರೆ ಅಲ್ಲಿದ್ದ ಬಹಳ ಜನರಿಗೆ ಮುಟ್ಟು ನಿಂತು ಹತ್ತು ಹನ್ನೆರಡು ವರ್ಷವಾಗಿತ್ತು, ಕೆಲವರಿಗೆ ಇಪ್ಪತ್ತರ ಮೇಲೂ ಆಗಿತ್ತು. ಅಷ್ಟು ವರ್ಷ ಈಸ್ಟ್ರೋಜನ್ ಇಲ್ಲದೆ ಗಡುಸಾದ, ಒಳಗೆ ಕೊಬ್ಬು ಕೂತ ರಕ್ತನಾಳಗಳಿಗೆ ಒಮ್ಮೆಲೇ ಬಾಯಿಯ ಮೂಲಕ ಹಾರ್ಮೋನು ಕೊಟ್ಟರು. ಝಳ ಕಡಿಮೆಯಾಗುತ್ತದೆಯೇ ಎಂದು ನೋಡುವುದು ಅವರ ಉದ್ದೇಶವಾಗಿರಲಿಲ್ಲ. ವಯಸ್ಸಾದವರ ಹೃದಯವನ್ನು ಈ ಗುಳಿಗೆ ಕಾಪಾಡುತ್ತದೆಯೇ ಎಂಬುದು ಅವರ ಪ್ರಶ್ನೆ. ಆ ಪ್ರಶ್ನೆಗೆ ಸಿಕ್ಕ ಉತ್ತರ ‘ಇಲ್ಲ’. ಅದು ಸರಿಯಾದ ಉತ್ತರ, ಇವತ್ತಿಗೂ ಸರಿ. ತಪ್ಪಾದದ್ದು, ಆ ಉತ್ತರವನ್ನು ಬೇರೆ ಪ್ರಶ್ನೆ ಕೇಳಿದವರಿಗೆ ಕೊಟ್ಟದ್ದು.

ಆ ಪ್ರಶ್ನೆ ಹುಟ್ಟಿದ್ದಕ್ಕೂ ಹಿನ್ನೆಲೆಯಿದೆ. ಬಸುರಿ ಹೆಣ್ಣು ಕುದುರೆಯ ಮೂತ್ರದಿಂದ ತೆಗೆದ ಈಸ್ಟ್ರೋಜನ್ 1942ರಿಂದ ಅಮೆರಿಕದಲ್ಲಿ ಮಾರಾಟದಲ್ಲಿತ್ತು. 1960ರ ದಶಕದಲ್ಲಿ ಅದನ್ನು ಯೌವನ ಉಳಿಸುವ ಔಷಧ ಎಂದು ಹೊಗಳಿದರು, ಲಕ್ಷಗಟ್ಟಲೆ ಜನ ನುಂಗಿದರು. 1975ರಲ್ಲಿ ಈಸ್ಟ್ರೋಜನ್ ಒಂದನ್ನೇ ನುಂಗಿದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೆಚ್ಚುತ್ತದೆ ಎಂದು ಗೊತ್ತಾಯಿತು, ಬಳಕೆ ಕುಸಿಯಿತು. ಜೊತೆಗೆ ಪ್ರೊಜೆಸ್ಟಿನ್ ಕೊಟ್ಟರೆ ಒಳಪದರ ಸುರಕ್ಷಿತ ಎಂದು ತಿಳಿದ ಮೇಲೆ ಮತ್ತೆ ಏರಿತು. 1976ರಲ್ಲಿ ಶುರುವಾದ ನರ್ಸ್‌ಗಳ ದೊಡ್ಡ ಅಧ್ಯಯನದಲ್ಲಿ ಹಾರ್ಮೋನು ತೆಗೆದುಕೊಳ್ಳುವವರಿಗೆ ಹೃದಯಾಘಾತ ಕಡಿಮೆ ಎಂದು ಕಂಡಿತು. ಅಲ್ಲಿ ಚೀಟಿ ಎತ್ತಿರಲಿಲ್ಲ. ತಾವಾಗಿ ತೆಗೆದುಕೊಳ್ಳುವವರನ್ನು ತೆಗೆದುಕೊಳ್ಳದವರ ಜೊತೆ ಹೋಲಿಸಿದ್ದರು. ದಿನಾ ಗೋಡಂಬಿ ತಿನ್ನುವವರು ಹೆಚ್ಚು ಕಾಲ ಬದುಕುತ್ತಾರೆ ಎಂದು ಎಣಿಸಿದರೆ, ಅದು ಗೋಡಂಬಿಯ ಗುಣವೋ, ಗೋಡಂಬಿ ಕೊಳ್ಳುವಷ್ಟು ಅನುಕೂಲ ಇರುವ ಮನೆಯ ಗುಣವೋ ಹೇಳುವುದು ಕಷ್ಟ. 1998ರಲ್ಲಿ, ಮೊದಲೇ ಹೃದಯರೋಗ ಇದ್ದ 2,763 ಜನರ ಮೇಲೆ ಚೀಟಿ ಎತ್ತಿ ನಡೆಸಿದ ಹರ್ಸ್ ಎಂಬ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಮೊದಲ ವರ್ಷದಲ್ಲಿ ತೊಂದರೆ ಹೆಚ್ಚೇ ಆಯಿತು. ಅಷ್ಟಾದರೂ ಬಳಕೆ ಇಳಿಯಲಿಲ್ಲ. 1999ರಲ್ಲಿ ಅಮೆರಿಕದ ಡಾಕ್ಟರುಗಳು ಬರೆದ ಹಾರ್ಮೋನು ಔಷಧದ ಚೀಟಿಗಳು ಒಂಬತ್ತು ಕೋಟಿ. 2002ರ ಸುದ್ದಿಯ ನಂತರ ಅದು 5.7 ಕೋಟಿಗೆ ಇಳಿಯುವ ದಾರಿ ಹಿಡಿಯಿತು. 1999ರಲ್ಲಿ ಅಲ್ಲಿ ಮುಟ್ಟು ನಿಂತ ನೂರು ಜನರಲ್ಲಿ 27 ಜನ ಹಾರ್ಮೋನು ತೆಗೆದುಕೊಳ್ಳುತ್ತಿದ್ದರು. 2020ರ ಹೊತ್ತಿಗೆ ಐವರೂ ಇರಲಿಲ್ಲ.

ನಮ್ಮ ಕಡೆ ಆ ಔಷಧ ಎಂದೂ ಅಷ್ಟು ಹರಡಿರಲಿಲ್ಲ. ಔಷಧ ಬರುವ ಮುಂಚೆ ಅದರ ಹೆದರಿಕೆ ಬಂತು.

2002ರಲ್ಲಿ ನಾನು ಬಾಗಲಕೋಟೆಯಲ್ಲಿ ಕೆಲಸ ಶುರುಮಾಡಿ ಆರು ವರ್ಷವಾಗಿತ್ತು. ಇಳಕಲ್ಲಿನ ನೇಕಾರರ ಮನೆಯ ಒಬ್ಬ ಹೆಣ್ಣುಮಗಳು ನನ್ನ ಬಳಿ ಬರುತ್ತಿದ್ದಳು. ವಯಸ್ಸು 39. ಗಡ್ಡೆಗಳಿಂದಾಗಿ ಗರ್ಭಕೋಶದ ಜೊತೆ ಎರಡೂ ಅಂಡಾಶಯ ತೆಗೆದಿತ್ತು, ಈಸ್ಟ್ರೋಜನ್ ಗುಳಿಗೆ ನುಂಗುತ್ತಿದ್ದಳು, ಚೆನ್ನಾಗಿದ್ದಳು. ಆ ಮಳೆಗಾಲದಲ್ಲಿ ಪತ್ರಿಕೆಯ ತುಂಡೊಂದನ್ನು ಕುಪ್ಪಸದೊಳಗಿಂದ ತೆಗೆದು ನನ್ನ ಮೇಜಿನ ಮೇಲೆ ಹಾಸಿ, ‘ಡಾಕ್ಟರ್ ಬಾಯಾರ, ಇದು ನಾ ತಗೊಳ್ಳೋ ಗುಳಿಗಿನ ಏನ್ರಿ?’ ಎಂದಳು. ಪ್ರಬಂಧವನ್ನು ನಾನು ಇನ್ನೂ ಓದಿರಲಿಲ್ಲ. ‘ಬಿಟ್ಟುಬಿಡವಾ, ಯಾಕ ಬೇಕು’ ಎಂದೆ. ಒಂಬತ್ತು ವರ್ಷದ ಮೇಲೆ ಮತ್ತೆ ಬಂದಳು, ಮಣಿಕಟ್ಟಿಗೆ ಪ್ಲಾಸ್ಟರ್ ಹಾಕಿಸಿಕೊಂಡು. ಹೊಸ್ತಿಲು ಎಡವಿ ಕೈ ಊರಿದ್ದಕ್ಕೆ ಮುರಿದಿತ್ತು. ಆಗ ಆಕೆಗೆ 48. ಮೂಳೆಯ ಸಾಂದ್ರತೆ ನೋಡಿದರೆ ಎಪ್ಪತ್ತು ದಾಟಿದವರ ಹಾಗಿತ್ತು. ಆಕೆ ಅಧ್ಯಯನದಲ್ಲಿದ್ದವರ ವಯಸ್ಸಿನವಳಲ್ಲ, ನುಂಗುತ್ತಿದ್ದದ್ದು ಆ ಗುಳಿಗೆಯಲ್ಲ, ಆಕೆಗೆ ಗರ್ಭಕೋಶವೇ ಇರಲಿಲ್ಲ. ಆ ಮೂರರಲ್ಲಿ ಒಂದನ್ನೂ ನಾನು ಕೇಳಿಕೊಂಡಿರಲಿಲ್ಲ. ನಿಮ್ಮ ತಂಗಿಯ ವಿಷಯ ಓದಿದಾಗ ನನಗೆ ನೆನಪಾದದ್ದು ಆ ಪ್ಲಾಸ್ಟರ್ ಹಾಕಿದ ಕೈ.

ಗರ್ಭಕೋಶ ತೆಗೆಸಿದವರಿಗಾಗಿಯೇ ಡಬ್ಲ್ಯುಎಚ್‌ಐನಲ್ಲಿ ಬೇರೊಂದು ಗುಂಪಿತ್ತು: 10,739 ಜನ, ಅವರಿಗೆ ಈಸ್ಟ್ರೋಜನ್ ಮಾತ್ರ. ಗರ್ಭಕೋಶ ಇಲ್ಲದಿದ್ದರೆ ಪ್ರೊಜೆಸ್ಟಿನ್ ಬೇಕಿಲ್ಲ. 2004ರಲ್ಲಿ ಆ ಭಾಗವನ್ನೂ ನಿಲ್ಲಿಸಿದರು, ಪಾರ್ಶ್ವವಾಯು ಹತ್ತು ಸಾವಿರಕ್ಕೆ ವರ್ಷಕ್ಕೆ 12 ಹೆಚ್ಚಾಗಿತ್ತು ಎಂಬ ಕಾರಣಕ್ಕೆ. ಆದರೆ ಸ್ತನ ಕ್ಯಾನ್ಸರ್? ಹೆಚ್ಚಲಿಲ್ಲ, ಕಡಿಮೆಯಾಯಿತು. ಇಪ್ಪತ್ತು ವರ್ಷ ಅವರನ್ನೇ ಹಿಂಬಾಲಿಸಿ 2020ರಲ್ಲಿ ಪ್ರಕಟಿಸಿದಾಗಲೂ, ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಬಂದವರೂ ಕಡಿಮೆ, ಅದರಿಂದ ತೀರಿಕೊಂಡವರೂ ಕಡಿಮೆ. ಇದು ಪತ್ರಿಕೆಯ ಮುಖಪುಟಕ್ಕೆ ಬರಲಿಲ್ಲ. ಮೊದಲ ಸುದ್ದಿಯ ಹೆದರಿಕೆಯಲ್ಲಿ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳುತ್ತಿದ್ದವರೂ ಬಿಟ್ಟರು. ಹಾಗೆ ಬಿಟ್ಟ, ಗರ್ಭಕೋಶ ಇಲ್ಲದ, 50ರಿಂದ 59 ವಯಸ್ಸಿನ ಅಮೆರಿಕನ್ನರಲ್ಲಿ ಹತ್ತು ವರ್ಷದಲ್ಲಿ ಕಡಿಮೆಯೆಂದರೂ 18 ಸಾವಿರಕ್ಕಿಂತ ಹೆಚ್ಚು ಜನ ಅಕಾಲಕ್ಕೆ ತೀರಿಕೊಂಡಿರಬಹುದು ಎಂದು 2013ರಲ್ಲಿ ಒಂದು ಲೆಕ್ಕ ಬಂತು. ಅದು ಅಂದಾಜು, ಎಣಿಸಿದ್ದಲ್ಲ. ಆ ಸಂಖ್ಯೆಯ ಮೇಲೆ ನಾನು ಭಾರ ಹಾಕುವುದಿಲ್ಲ. ಆದರೆ ಸುದ್ದಿಯೂ ಜೀವಕ್ಕೆ ತಟ್ಟಬಲ್ಲದು ಎಂದು ಅದನ್ನು ಓದಿದ ದಿನ ನನಗೆ ತಿಳಿಯಿತು.

ನಿಮ್ಮ ತಂಗಿಯಂಥವರು ನಮ್ಮ ಕಬ್ಬಿನ ಸೀಮೆಯಲ್ಲಿ ಒಬ್ಬಿಬ್ಬರಲ್ಲ. ಬಿಳಿ ಸೆರಗು ಹೋಗುತ್ತದೆ, ಹೊಟ್ಟೆ ನೋಯುತ್ತದೆ ಎಂದು ಹೋದವರಿಗೆ ‘ಮಕ್ಕಳಾದವಲ್ಲ, ಚೀಲ ತೆಗೆಸಿಬಿಡು’ ಎಂದು ಹೇಳುವುದು ಎಷ್ಟು ಸಲೀಸಾಗಿದೆ ಎಂದರೆ, 32-35ರ ಹೆಣ್ಣುಮಕ್ಕಳು ತಾವೇ ಬಂದು ಕೇಳುತ್ತಾರೆ. 2019ರಲ್ಲಿ ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಹೆಣ್ಣುಮಕ್ಕಳ ಸಮೀಕ್ಷೆ ಮಾಡಿದಾಗ 13 ಸಾವಿರಕ್ಕೂ ಹೆಚ್ಚು ಜನರಿಗೆ ಗರ್ಭಕೋಶ ಇರಲಿಲ್ಲ. ಗರ್ಭಕೋಶದ ಜೊತೆ ಅಂಡಾಶಯಗಳನ್ನೂ ತೆಗೆದರೆ ಆಪರೇಶನ್ ಆದ ಮರುದಿನದಿಂದಲೇ ಈಸ್ಟ್ರೋಜನ್ ಬರಿದಾಗುತ್ತದೆ. ಅಂಡಾಶಯ ಉಳಿಸಿದರೂ ಕೆಲವರಲ್ಲಿ ಅದು ಬೇಗ ಬತ್ತುತ್ತದೆ. 45ಕ್ಕಿಂತ ಮೊದಲು ಎರಡೂ ಅಂಡಾಶಯ ಕಳೆದುಕೊಂಡು ಈಸ್ಟ್ರೋಜನ್ ತೆಗೆದುಕೊಳ್ಳದವರು ಬೇಗ ತೀರಿಕೊಳ್ಳುವ ಸಂಭವ ಹೆಚ್ಚು ಎಂದು ಅಮೆರಿಕದ ಮೇಯೊ ಕ್ಲಿನಿಕ್ಕಿನವರು 2006ರಲ್ಲೇ ತೋರಿಸಿದ್ದಾರೆ. ಮೂಳೆ ಸವೆಯುವುದು, ಹೃದಯಕ್ಕೆ ಕುತ್ತು ಬರುವುದು ಎಲ್ಲ ಹತ್ತು ಹದಿನೈದು ವರ್ಷ ಮೊದಲೇ ಬರುತ್ತವೆ. ಇಂಥವರಿಗೆ ಹಾರ್ಮೋನು ಕೊಡುವುದು, ದೇಹ ತಾನೇ ಮಾಡಬೇಕಿದ್ದದ್ದನ್ನು ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗೆ, ಅಂದರೆ 50ರ ಸುಮಾರಿನವರೆಗೆ, ತುಂಬಿಕೊಡುವುದು. 63ರ ಅಮೆರಿಕನ್ನರ ಅಂಕಿಯನ್ನು 42ರ ಇವಳಿಗೆ ತೋರಿಸಿ ಹೆದರಿಸುವುದು ಅನ್ಯಾಯ.

ನಿಮ್ಮ ವಿಷಯಕ್ಕೆ ಮರಳುತ್ತೇನೆ. 2007ರಲ್ಲಿ ಡಬ್ಲ್ಯುಎಚ್‌ಐನವರೇ ತಮ್ಮ ಅಂಕಿಗಳನ್ನು ಮುಟ್ಟು ನಿಂತ ವರ್ಷಗಳ ಪ್ರಕಾರ ಬಿಡಿಸಿದರು. ಮುಟ್ಟು ನಿಂತು ಹತ್ತು ವರ್ಷದೊಳಗೆ ಶುರುಮಾಡಿದವರಲ್ಲಿ ಹೃದಯದ ತೊಂದರೆ ಹತ್ತು ಸಾವಿರಕ್ಕೆ ಆರು ಕಡಿಮೆಯಿತ್ತು. ಇಪ್ಪತ್ತು ವರ್ಷ ದಾಟಿದವರಲ್ಲಿ 17 ಹೆಚ್ಚು. 2016ರಲ್ಲಿ ಬಂದ ಎಲೀಟ್ ಎಂಬ ಪ್ರಯೋಗದಲ್ಲಿ ಕುತ್ತಿಗೆಯ ರಕ್ತನಾಳದ ದಪ್ಪವನ್ನೇ ಅಳೆದರು: ಆರು ವರ್ಷದೊಳಗೆ ಶುರುಮಾಡಿದವರಲ್ಲಿ ನಾಳ ದಪ್ಪವಾಗುವುದು ನಿಧಾನವಾಯಿತು, ಹತ್ತು ವರ್ಷ ಕಳೆದವರಲ್ಲಿ ಏನೂ ವ್ಯತ್ಯಾಸವಾಗಲಿಲ್ಲ. ಮಳೆ ಬಿದ್ದ ವಾರದಲ್ಲಿ ಬಿತ್ತಿದ್ದಕ್ಕೂ, ನೆಲ ಬಿರುಕು ಬಿಟ್ಟ ಮೇಲೆ ಬಿತ್ತಿದ್ದಕ್ಕೂ ಇರುವ ವ್ಯತ್ಯಾಸ ನಮ್ಮ ಎರೆಭೂಮಿಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ನಿಮಗೆ ಮುಟ್ಟು ನಿಂತು 14 ತಿಂಗಳು. ಹದ ಇರುವಾಗಲೇ ನಿಮ್ಮ ಡಾಕ್ಟರು ಬರೆದಿದ್ದಾರೆ.

ಔಷಧವೂ ಬೇರೆ. ಡಬ್ಲ್ಯುಎಚ್‌ಐನಲ್ಲಿ ಕೊಟ್ಟದ್ದು ಕುದುರೆಯ ಮೂತ್ರದ ಈಸ್ಟ್ರೋಜನ್ ಮತ್ತು ಮೆಡ್ರಾಕ್ಸಿ ಪ್ರೊಜೆಸ್ಟರಾನ್ ಎಂಬ ಕೃತಕ ಪ್ರೊಜೆಸ್ಟಿನ್, ಎರಡೂ ಬಾಯಿಯ ಮೂಲಕ. ನುಂಗಿದ ಈಸ್ಟ್ರೋಜನ್ ಮೊದಲು ಯಕೃತ್ತಿಗೆ ಹೋಗುತ್ತದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳು ಅಲ್ಲಿ ಹೆಚ್ಚು ತಯಾರಾಗುತ್ತವೆ. ಚರ್ಮದ ಮೂಲಕ ಹೋಗುವ ಜೆಲ್ ಆ ದಾರಿ ಹಿಡಿಯುವುದಿಲ್ಲ. ಫ್ರಾನ್ಸ್ ಮತ್ತು ಬ್ರಿಟನ್ನಿನ ಅಧ್ಯಯನಗಳಲ್ಲಿ ಚರ್ಮಕ್ಕೆ ಹಚ್ಚುವ ಈಸ್ಟ್ರೋಜನ್ನಿನಿಂದ ಕಾಲಿನ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು ಹೆಚ್ಚಾದದ್ದು ಕಂಡಿಲ್ಲ. ನಿಮಗೆ ಬರೆದಿರುವ ಕ್ಯಾಪ್ಸೂಲಿನ ಪ್ರೊಜೆಸ್ಟರಾನ್ ನಮ್ಮ ಅಂಡಾಶಯ ಮಾಡುವ ಪ್ರೊಜೆಸ್ಟರಾನೇ. ಕೃತಕ ಪ್ರೊಜೆಸ್ಟಿನ್‌ಗಳಿಗಿಂತ ಸ್ತನಕ್ಕೆ ಇದರ ಅಪಾಯ ಕಡಿಮೆ ಎಂದು ಫ್ರಾನ್ಸಿನ ಅಧ್ಯಯನವೊಂದು ಹೇಳುತ್ತದೆ, ಆದರೆ ಅದು ಚೀಟಿ ಎತ್ತಿ ಮಾಡಿದ್ದಲ್ಲ, ಹಾಗಾಗಿ ಅಪಾಯವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಹೊಸ ಅಂಕಿಯನ್ನೂ ಮುಚ್ಚಿಡದೆ ಹೇಳುತ್ತೇನೆ. 2019ರಲ್ಲಿ 58 ಅಧ್ಯಯನಗಳನ್ನು ಕೂಡಿಸಿ ಮಾಡಿದ ಲೆಕ್ಕದಂತೆ, 50ರಲ್ಲಿ ಶುರುಮಾಡಿ ಐದು ವರ್ಷ ದಿನಾ ಎರಡೂ ಹಾರ್ಮೋನು ತೆಗೆದುಕೊಂಡ ಪ್ರತಿ 50 ಜನರಲ್ಲಿ, ಮುಂದಿನ ಇಪ್ಪತ್ತು ವರ್ಷದಲ್ಲಿ ಒಬ್ಬರಿಗೆ ಹೆಚ್ಚಾಗಿ ಸ್ತನ ಕ್ಯಾನ್ಸರ್ ಆಗುತ್ತದೆ. ಈಸ್ಟ್ರೋಜನ್ ಒಂದೇ ಆದರೆ 200 ಜನರಲ್ಲಿ ಒಬ್ಬರಿಗೆ. ಡಬ್ಲ್ಯುಎಚ್‌ಐನ ಈಸ್ಟ್ರೋಜನ್ ಗುಂಪಿಗೂ ಇದಕ್ಕೂ ಹೊಂದಾಣಿಕೆಯಿಲ್ಲ, ಆ ವಾದ ಇನ್ನೂ ಮುಗಿದಿಲ್ಲ. ಇವೆಲ್ಲ ಪಶ್ಚಿಮದ ದೇಶಗಳ ಲೆಕ್ಕ. ನಮ್ಮಲ್ಲಿ ಸ್ತನ ಕ್ಯಾನ್ಸರ್ ಅಲ್ಲಿಗಿಂತ ಕಡಿಮೆ. ಅದೇ ಹೊತ್ತಿಗೆ ಸಕ್ಕರೆ ಕಾಯಿಲೆ ಮತ್ತು ಹೃದಯರೋಗ ನಮ್ಮವರಿಗೆ ಬೇಗ ಬರುತ್ತವೆ, ಮುಟ್ಟು ನಿಲ್ಲುವುದೂ 46-47ಕ್ಕೇ. ಹಾಗಾಗಿ ಶುರುಮಾಡುವ ಮೊದಲು ರಕ್ತದೊತ್ತಡ, ಸಕ್ಕರೆ, ಕೊಬ್ಬಿನ ಪರೀಕ್ಷೆ ಬಿಡುವಂತಿಲ್ಲ. ಸೋದರತ್ತೆಗೆ 68ರಲ್ಲಿ ಆದ ಕ್ಯಾನ್ಸರ್ ಒಂದೇ ನಿಮಗೆ ಅಡ್ಡಿಯಲ್ಲ. ನಿಮಗೇ ಸ್ತನ ಕ್ಯಾನ್ಸರ್ ಆಗಿದ್ದರೆ, ಹೃದಯಾಘಾತ, ಪಾರ್ಶ್ವವಾಯು ಅಥವಾ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇದ್ದರೆ, ಯಕೃತ್ತಿನ ಕಾಯಿಲೆ ಇದ್ದರೆ, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ನಾನು ಬೇಡ ಎನ್ನುತ್ತಿದ್ದೆ. ಆಗ ಝಳಕ್ಕೆ ಹಾರ್ಮೋನು ಅಲ್ಲದ ಗುಳಿಗೆಗಳಿವೆ, ಅಷ್ಟು ಗಟ್ಟಿಯಲ್ಲ, ಆದರೂ ಕೆಲಸ ಮಾಡುತ್ತವೆ.

ಈಗ ವಿಜ್ಞಾನ ಶಿಕ್ಷಕಿ ಹೇಳಿದ ಮಾತು. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈಸ್ಟ್ರೋಜನ್ ಇರುವ ಔಷಧಗಳ ಮೇಲೆ ಕಪ್ಪು ಚೌಕಟ್ಟಿನ ಎಚ್ಚರಿಕೆ ಹಾಕಿಸಿತು. 2025ರ ನವೆಂಬರಿನಲ್ಲಿ ಹೃದಯರೋಗ, ಸ್ತನ ಕ್ಯಾನ್ಸರ್, ಮರೆವಿನ ಕಾಯಿಲೆಗಳ ಮಾತನ್ನು ಆ ಚೌಕಟ್ಟಿನಿಂದ ತೆಗೆಯುವುದಾಗಿ ಘೋಷಿಸಿತು. ಗರ್ಭಕೋಶ ಇದ್ದವರು ಈಸ್ಟ್ರೋಜನ್ ಒಂದನ್ನೇ ತೆಗೆದುಕೊಳ್ಳಬಾರದು ಎಂಬ ಎಚ್ಚರಿಕೆ ಉಳಿದಿದೆ, ಅದಕ್ಕೇ ನಿಮಗೆ ಕ್ಯಾಪ್ಸೂಲ್. ಮರೆವಿನ ಕಾಯಿಲೆ ಹೆಚ್ಚಿತು ಎಂಬುದು 65 ದಾಟಿದವರಲ್ಲಿ ಕಂಡದ್ದು. ಅದನ್ನು ಎಲ್ಲ ವಯಸ್ಸಿನವರ ಡಬ್ಬಿಯ ಮೇಲೂ ಅಂಟಿಸಿದ್ದರು. ತೆಗೆದದ್ದು ಒಳ್ಳೆಯದೇ. ಆದರೆ ನನಗೆ ಈಗ ಇನ್ನೊಂದು ಭಯ ಹತ್ತಿದೆ. ಹೃದಯಕ್ಕೆ ಒಳ್ಳೆಯದು, ಮೆದುಳಿಗೆ ಒಳ್ಳೆಯದು, ಮುಪ್ಪು ಬರುವುದಿಲ್ಲ ಎಂದು ತ್ರಾಸೇ ಇಲ್ಲದವರಿಗೂ ಹಾರ್ಮೋನು ಮಾರುವ ಮಾತು ದೊಡ್ಡ ಊರುಗಳಲ್ಲಿ ಶುರುವಾಗಿದೆ. 1960ರ ದಶಕದಲ್ಲಿ ಆದ ತಪ್ಪು ಅದೇ. ಹೃದಯ ಕಾಪಾಡಲೆಂದು ಹಾರ್ಮೋನು ನುಂಗುವುದಕ್ಕೆ ಇವತ್ತಿಗೂ ಆಧಾರವಿಲ್ಲ. ಝಳ, ನಿದ್ದೆಗೇಡು, ಮೂಳೆ ಸವೆತ, ಅಲ್ಲಿನ ಒಣಗುವಿಕೆ: ಇವುಗಳಿಗೆ ಮಾತ್ರ ಕೊಡುವುದು.

ಆ ಕೊನೆಯದರ ಬಗ್ಗೆ ನೀವು ಬರೆದಿಲ್ಲ, ಯಾರೂ ಬರೆಯುವುದಿಲ್ಲ. ಮೂರು ವರ್ಷದಲ್ಲಿ ಹತ್ತಾರು ಸಲ ಉರಿಮೂತ್ರಕ್ಕೆಂದು ಆಂಟಿಬಯಾಟಿಕ್ ನುಂಗಿ, ಪ್ರತಿ ಸಲ ಸೋಂಕು ಎಂದು ಹೇಳಿಸಿಕೊಂಡ ಹೆಣ್ಣುಮಕ್ಕಳು ನನ್ನ ಬಳಿ ಬರುತ್ತಾರೆ. ಗಂಡನ ಹತ್ತಿರ ಹೋಗಲು ನೋವಾಗುತ್ತದೆ ಎಂಬ ಮಾತು ಬಾಗಿಲವರೆಗೆ ಹೋಗಿ, ತಿರುಗಿ ಬಂದು, ಸೆರಗು ಬಾಯಿಗೆ ಒತ್ತಿ ಹೇಳುವ ಮಾತು. ಯೋನಿಯ ಒಳಗೆ ಹಚ್ಚುವ ಸಣ್ಣ ಪ್ರಮಾಣದ ಈಸ್ಟ್ರೋಜನ್ ಕ್ರೀಮ್ ರಕ್ತಕ್ಕೆ ಹೋಗುವುದು ತೀರ ಕಡಿಮೆ. ಆ ಟ್ಯೂಬಿನ ಮೇಲೂ ಇಪ್ಪತ್ತೆರಡು ವರ್ಷ ಅದೇ ಎಚ್ಚರಿಕೆ ಇತ್ತು. ತಂದವರು ಡಬ್ಬಿಯ ಚೀಟಿ ಬಿಡಿಸಿ, ಮಗಳಿಂದ ಓದಿಸಿ, ಕಸದ ಬುಟ್ಟಿಗೆ ಹಾಕಿದ್ದಾರೆ.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ಮದುವೆ, ವಾಸ್ತುಶಾಂತಿ, ಜಾತ್ರೆ ಬಂದರೆ ಮುಟ್ಟು ಮುಂದೂಡಲು ಮೆಡಿಕಲ್ ಶಾಪಿನಿಂದ ತಂದು ನುಂಗುವ ಗುಳಿಗೆ ಇದೆಯಲ್ಲ, ಅದೂ ಹಾರ್ಮೋನೇ. ನೊರೆಥಿಸ್ಟರೋನ್ ಅದರ ಹೆಸರು. ರಕ್ತದೊತ್ತಡ ನೋಡದೆ, ಡಾಕ್ಟರನ್ನು ಕೇಳದೆ ನಮ್ಮ ಹೆಣ್ಣುಮಕ್ಕಳು ಅದನ್ನು ವರ್ಷಕ್ಕೆ ಮೂರು ನಾಲ್ಕು ಸಲ ನುಂಗುತ್ತಾರೆ, ಮನೆಯವರೇ ತಂದುಕೊಡುತ್ತಾರೆ. ದೇವರ ಕೆಲಸಕ್ಕೆ ನುಂಗುವಾಗ ಇಲ್ಲದ ಹೆದರಿಕೆ, ಅವಳ ನಿದ್ದೆಗಾಗಿ ನುಂಗುವಾಗ ಮನೆಯವರಿಗೆಲ್ಲ ಬರುತ್ತದೆ. ಇದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ಝಳ ಒಂದು ವರ್ಷದಲ್ಲಿ ತಾನೇ ಹೋಗುತ್ತದೆ, ಸಹಿಸಿಕೋ ಎನ್ನುವವರೂ ಅವರೇ. ಅಮೆರಿಕದಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದಾಗ ಅರ್ಧದಷ್ಟು ಜನರಿಗೆ ಅದು ಏಳು ವರ್ಷಕ್ಕಿಂತ ಹೆಚ್ಚು ಕಾಲ ಇತ್ತು. ಅಗಸಿ ಚಟ್ನಿ ತಿಂದರೆ ಕಡಿಮೆಯಾಗುತ್ತದೆ ಎಂದು ನಾನೂ ಹೇಳುತ್ತಿದ್ದೆ. ಹೋಲಿಸಿ ನೋಡಿದ ಪ್ರಯೋಗದಲ್ಲಿ ಅಗಸಿ ತಿಂದವರಿಗೂ ತಿನ್ನದವರಿಗೂ ವ್ಯತ್ಯಾಸ ಕಾಣಲಿಲ್ಲ. ಚಟ್ನಿ ಬಿಡಬೇಡಿ, ರೊಟ್ಟಿಗೆ ಅದು ಬೇಕು. ಝಳಕ್ಕೆ ಮಾತ್ರ ಅದನ್ನು ನೆಚ್ಚಬೇಡಿ.

ಮ್ಯಾಮೋಗ್ರಾಂ ಆಗಿಲ್ಲದಿದ್ದರೆ ಮೊದಲು ಅದು. ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಕಡೆ ಮೆಡಿಕಲ್ ಕಾಲೇಜುಗಳಿವೆ, ಅಲ್ಲಿ ವಿಚಾರಿಸಿ. ಹೊಟ್ಟೆಯ ಸ್ಕ್ಯಾನ್ ಮಾಡಿಸಿ ಗರ್ಭಕೋಶದ ಒಳಪದರದ ದಪ್ಪ ನೋಡಿಸಿ. ಆಮೇಲೆ ಡಬ್ಬಿ ಒಡೆಯಿರಿ. ಬೆಳಗ್ಗೆ ಸ್ನಾನ ಮಾಡಿ, ಮೈ ಪೂರ್ತಿ ಒಣಗಿದ ಮೇಲೆ, ಡಾಕ್ಟರು ಹೇಳಿದಷ್ಟು ಜೆಲ್ಲನ್ನು ತೋಳಿನ ಹೊರಗಡೆ ಮೊಣಕೈಯಿಂದ ಭುಜದವರೆಗೆ ತೆಳುವಾಗಿ ಸವರಿ. ತಿಕ್ಕಬೇಡಿ. ಐದು ನಿಮಿಷ ಆರಲು ಬಿಟ್ಟು ಕುಪ್ಪಸ ತೊಡಿ, ಕೈ ತೊಳೆಯಿರಿ. ಎದೆಗೆ ಹಚ್ಚಬೇಡಿ. ನಮ್ಮ ಬೇಸಿಗೆಯಲ್ಲಿ ಬೆವರಿಗೆ ಕೊಚ್ಚಿಹೋಗುತ್ತದೆ ಎಂದು ಕೆಲವರು ಮಧ್ಯಾಹ್ನ ಇನ್ನೊಮ್ಮೆ ಹಚ್ಚುತ್ತಾರೆ, ಹಾಗೆ ಮಾಡಬೇಡಿ. ಹಚ್ಚಿದ ಜಾಗ ಸಣ್ಣ ಮಕ್ಕಳ ಮೈಗೆ ತಾಗಬಾರದು. ಕ್ಯಾಪ್ಸೂಲ್ ಮಲಗುವಾಗಲೇ ನುಂಗಿ, ಅದು ಮಂಪರು ತರುತ್ತದೆ, ನಿಮಗೆ ಅದೂ ಒಳ್ಳೆಯದೇ. ಜೆಲ್ ಹಚ್ಚಿ ಕ್ಯಾಪ್ಸೂಲ್ ಬಿಡುವುದು ಮಾತ್ರ ಬೇಡವೇ ಬೇಡ. ಝಳ ಕಡಿಮೆಯಾಗಲು ಮೂರು ನಾಲ್ಕು ವಾರ ಬೇಕು. ಮೊದಲ ತಿಂಗಳುಗಳಲ್ಲಿ ಸ್ವಲ್ಪ ರಕ್ತ ಕಾಣಿಸಬಹುದು. ಆರು ತಿಂಗಳಾದರೂ ನಿಲ್ಲದಿದ್ದರೆ ಅಥವಾ ನಿಂತದ್ದು ಮತ್ತೆ ಬಂದರೆ ತಡಮಾಡದೆ ತೋರಿಸಿ. ಮೂರು ತಿಂಗಳಾದ ಮೇಲೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಡಾಕ್ಟರ ಜೊತೆ ಕೂತು ಇನ್ನೂ ಬೇಕೇ, ಪ್ರಮಾಣ ಇಳಿಸಬಹುದೇ ಎಂದು ನೋಡಿ.

ತಂಗಿಗೆ ಇವತ್ತೇ ಫೋನ್ ಮಾಡಿ, ಆಪರೇಶನ್ ಆದ ಆಸ್ಪತ್ರೆಯ ಡಿಸ್ಚಾರ್ಜ್ ಕಾರ್ಡ್ ಹುಡುಕಿಸಿ. ಅದರಲ್ಲಿ ಅಂಡಾಶಯ ತೆಗೆದಿದ್ದಾರೋ ಉಳಿಸಿದ್ದಾರೋ, ತೆಗೆದಿದ್ದರೆ ಒಂದೋ ಎರಡೋ ಬರೆದಿರುತ್ತದೆ. ಕಾರ್ಡ್ ಸಿಗದಿದ್ದರೆ ಸ್ಕ್ಯಾನ್ ಮತ್ತು ಎಫ್‌ಎಸ್‌ಎಚ್ ಎಂಬ ರಕ್ತಪರೀಕ್ಷೆಯಿಂದ ಅಂಡಾಶಯ ಕೆಲಸ ಮಾಡುತ್ತಿದೆಯೇ ಎಂದು ಬಹುಮಟ್ಟಿಗೆ ತಿಳಿಯುತ್ತದೆ. ಮೂಳೆಯ ಸಾಂದ್ರತೆಗೆ ಡೆಕ್ಸಾ ಸ್ಕ್ಯಾನ್ ಮಾಡಿಸಿ. ನಿಮ್ಮ ತಾಯಿಯ ಸೊಂಟದ ಮೂಳೆ ಮುರಿದದ್ದನ್ನು ಆ ಡಾಕ್ಟರಿಗೆ ಹೇಳಲು ಮರೆಯಬೇಡಿ. ಬಾಗಲಕೋಟೆಗೆ ಬರುವುದಾದರೆ ಕಾರ್ಡ್ ಜೊತೆ ತರಲಿ, ಗಂಡನನ್ನೂ ಕರೆದುಕೊಂಡು ಬರಲಿ, ಇಬ್ಬರ ಮುಂದೆಯೂ ಬಿಡಿಸಿ ಹೇಳುತ್ತೇನೆ. ಆಕೆಗೆ ಇನ್ನೂ ಎಂಟು ವರ್ಷದ ಈಸ್ಟ್ರೋಜನ್ ಬಾಕಿಯಿದೆ.